ಅರ್ಧ ಸಾಕ್ಷಿ

ಜಿಗ್ಗಿ ವ್ರೋನಾ ಸತ್ತು ಐದು ತಿಂಗಳಾದ ಮೇಲೆ ನಾನು ಮೊದಲ ಸಲ ಅವನ ಮನೆಯ ಬಾಗಿಲು ತಟ್ಟಿದೆ. ನ್ಯೂಜೆರ್ಸಿಯ ಬೇಯೋನ್ ಊರಿನಲ್ಲಿ ಕೊಲ್ಲಿಯ ಕಡೆಗೆ ಇಳಿಯುವ ಒಂದು ಬೀದಿ, ಒಂದರ ಹೆಗಲಿಗೆ ಒಂದು ಒರಗಿ ನಿಂತ ಹಾಗಿರುವ ಮನೆಗಳ ಸಾಲು. ಬಾಗಿಲು ತೆಗೆದವಳು ಅವನ ಹೆಂಡತಿ ಕೊರಿನ್. ಮೊಣಕೈವರೆಗೆ ಹಿಟ್ಟು ಮೆತ್ತಿತ್ತು. ನನ್ನ ಮುಖ ನೋಡಲಿಲ್ಲ, ಸೊಂಟದಲ್ಲಿದ್ದ ಬಿಲ್ಲೆ ನೋಡಿದಳು.

"ಆಯೋಗದೋರಾ?"

"ಹೌದು. ಗ್ರಸಿಂದಾ ಮೊರ್ಗಾದೊ ಅಂತ, ತನಿಖೆಯವಳು. ಎಲ್ರೂ ಗ್ರೇಸಿ ಅಂತಾರೆ."

"ಅರವತ್ತೊಂದರಲ್ಲಿ ನಮ್ಮ ಮಾವನಿಗೆ ಕಾರ್ಡು ಕೊಡದೆ ಓಡಿಸಿದೋರು ನೀವೇ ತಾನೆ? ಆತ ಯಾರ ಜೊತೆ ಕೂತು ಬಿಯರ್ ಕುಡೀತಿದ್ದ ಅಂತೆಲ್ಲ ಬರ್ಕೊಂಡಿದ್ರಂತೆ."

"ಅರವತ್ತೊಂದರಲ್ಲಿ ನಾನು ಹುಟ್ಟೇ ಇರಲಿಲ್ಲ ಕಣ್ರೀ."

"ನಿಮ್ಮ ಬಿಲ್ಲೆ ಹುಟ್ಟಿತ್ತಲ್ಲ," ಅಂದಳು. ಬಾಗಿಲು ಹಾಕಿಕೊಂಡಳು.

ನನಗೆ ಅದು ಹೊಸದೇನಲ್ಲ. ಬಂದರಿನಲ್ಲಿ ನಮ್ಮನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಬಂದರು ಒಂದೇ, ರಾಜ್ಯ ಎರಡು. ಆಚೆ ದಡ ನ್ಯೂಯಾರ್ಕಿನದು, ಈಚೆ ದಡ ನ್ಯೂಜೆರ್ಸಿಯದು. ಹಡಗುಕಟ್ಟೆಯಲ್ಲಿ ಪುಂಡರ ದರ್ಬಾರು ನಡೆಯುತ್ತಿದ್ದ ಕಾಲದಲ್ಲಿ ಎರಡೂ ರಾಜ್ಯ ಒಟ್ಟಾಗಿ ನಮ್ಮ ಆಯೋಗವನ್ನು ಹುಟ್ಟುಹಾಕಿದ್ದವು. ಕಟ್ಟೆಯ ಮೇಲೆ ಕಾಲಿಡುವ ಪ್ರತಿಯೊಬ್ಬ ಆಳೂ ನಮ್ಮಲ್ಲಿ ಬೆರಳಚ್ಚು ಕೊಟ್ಟು ಕಾರ್ಡು ಪಡೆಯಬೇಕು. ಯೋಗ್ಯನಲ್ಲ ಅನ್ನಿಸಿದವನ ಕಾರ್ಡನ್ನು ನಾವು ಕಿತ್ತುಕೊಳ್ಳಬಹುದು. ಕಿತ್ತುಕೊಂಡರೆ ಅವನಿಗೆ ಆ ಬಂದರಿನಲ್ಲಿ ಮತ್ತೆ ಕೆಲಸವಿಲ್ಲ. ಅಷ್ಟು ಅಧಿಕಾರ ಇರುವವರನ್ನು ಪ್ರೀತಿಸು ಅಂದರೆ ಯಾರು ಪ್ರೀತಿಸುತ್ತಾರೆ? ಇಪ್ಪತ್ತೊಂದು ವರ್ಷ ಆ ಕೆಲಸ ಮಾಡಿದ್ದೆ. ಬೈಗುಳ ಅಭ್ಯಾಸವಾಗಿತ್ತು.

ಎರಡು ದಿನ ಬಿಟ್ಟು ಕೊರಿನ್ ತಾನಾಗಿಯೇ ನಮ್ಮ ಆಫೀಸಿಗೆ ಬಂದಳು. ಅವಳು ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು, ತಲೆಯ ಮೇಲಿನ ಬಲೆಟೋಪಿ ತೆಗೆಯುವುದನ್ನೂ ಮರೆತಿದ್ದಳು. ಕೂರು ಅಂದರೆ ಕೂರಲಿಲ್ಲ. ಮಡಚಿ ಮಡಚಿ ಮೆತ್ತಗಾದ ಒಂದು ಕಾಗದವನ್ನು ನನ್ನ ಮೇಜಿನ ಮೇಲಿಟ್ಟಳು. ಹಡಗಿನಿಂದ ಸರಕು ಇಳಿಸುವ ಕಂಪನಿಯವರು ಕೊಟ್ಟ ಅಪಘಾತದ ವರದಿ ಅದು. ಕೊನೆಯ ಸಾಲಿನಲ್ಲಿ, ಮೃತನು ಸುರಕ್ಷತಾ ಬೆಲ್ಟಿನ ಕೊಕ್ಕೆ ಹಾಕಿರಲಿಲ್ಲ, ಅವನದೇ ನಿರ್ಲಕ್ಷ್ಯ, ಅಂತ ಇತ್ತು.

"ಅಂಗಡಿ ಮುಂದೆ ಕಾರು ನಿಲ್ಲಿಸ್ಕೊಂಡು ನನಗೆ ಕಾಯ್ತಾ ಕೂತಾಗ್ಲೂ ಬೆಲ್ಟು ಹಾಕ್ಕೊಂಡೇ ಕೂರ್ತಿದ್ದ ನನ್ನ ಗಂಡ," ಅಂದಳು. "ನಿಂತಿರೋ ಕಾರಿನಲ್ಲಿ! ನಾನು ನಗಾಡ್ತಿದ್ದೆ. ಅಂಥೋನು ನಲವತ್ತು ಅಡಿ ಎತ್ತರದಲ್ಲಿ ಕೊಕ್ಕೆ ಹಾಕಲಿಲ್ಲವಂತೆ. ನನಗೆ ಬೇರೇನೂ ಬೇಡ. ಅವನ ತಪ್ಪಲ್ಲ ಅಂತ ಯಾರಾದ್ರೂ ಒಂದು ಕಾಗದದಲ್ಲಿ ಬರೆದು ಕೊಡಿ. ನಿಮ್ಮ ಕೈಲಿ ಆಗತ್ತಾ?"

"ಆಗಬಹುದು."

"ಆಗಬಹುದೋ, ಆಗತ್ತೋ?"

"ಆಗತ್ತೆ," ಅಂದೆ.

ಜಿಗ್ಗಿಯ ಕೆಲಸ ಲಾಶಿಂಗು. ಹಡಗಿನ ಮೇಲೆ ಒಂದರ ಮೇಲೊಂದು ಪೇರಿಸಿದ ಕಂಟೇನರುಗಳು ಸಮುದ್ರದಲ್ಲಿ ಅಲುಗದಂತೆ ಉದ್ದುದ್ದ ಕಬ್ಬಿಣದ ಸರಳುಗಳಿಂದ ಬಿಗಿದಿರುತ್ತಾರೆ. ಹಡಗು ಕಟ್ಟೆಗೆ ಬಂದಾಗ ಆ ಸರಳುಗಳನ್ನು ಬಿಚ್ಚಬೇಕು, ಹೊರಡುವಾಗ ಮತ್ತೆ ಕಟ್ಟಬೇಕು. ಇಬ್ಬಿಬ್ಬರು ಜೋಡಿಯಾಗಿ ಮಾಡುವ ಕೆಲಸ. ಜಿಗ್ಗಿಯ ಜೋಡಿ ಡೆಸ್ಮಂಡ್ ಪ್ಯೂರಿಫಾಯ್ ಅನ್ನುವವನು, ಜೆರ್ಸಿ ಸಿಟಿಯ ಕರಿಯರ ಕೇರಿಯ ದೊಡ್ಡ ಆಳು. ಹದಿನಾಲ್ಕು ವರ್ಷದ ಜೋಡಿ ಅವರದು. ಅಪಘಾತದ ದಿನ ಅವನು ಕಂಪನಿಯವರಿಗೆ ಕೊಟ್ಟ ಹೇಳಿಕೆ ಒಂದೇ ಸಾಲು: ನಾನು ಆ ಕಡೆ ತಿರುಗಿದ್ದೆ, ನೋಡಲಿಲ್ಲ.

ನಾಲ್ಕು ಸಲ ಫೋನು ಮಾಡಿದ ಮೇಲೆ ಭಾನುವಾರ ಮಧ್ಯಾಹ್ನ ತನ್ನ ಬೀದಿಯ ಲಾಂಡ್ರಿಗೆ ಬರಹೇಳಿದ. ಒಗೆಯುವ ಯಂತ್ರಗಳ ಸದ್ದಿನಲ್ಲಿ ನಮ್ಮ ಮಾತು ಮೂರನೆಯವರಿಗೆ ಕೇಳುವಂತಿರಲಿಲ್ಲ. ಅವನ ಹೆಂಡತಿ ಓಪಲ್ ಎದುರಿನ ಬೆಂಚಿನಲ್ಲಿ ದುಪ್ಪಟಿಗಳನ್ನು ಮಡಚುತ್ತ, ಆಗಾಗ ನನ್ನ ಕಡೆ ನೋಡುತ್ತ ಕೂತಿದ್ದಳು.

"ಆವತ್ತು ಗುರುವಾರ," ಅಂದ ಡೆಸ್ಮಂಡ್. "ಗುರುವಾರ ಅಂದ್ರೆ ಕ್ಯಾಫರ್ಟಿ ಇಲ್ಲ ಅಂತ ಅರ್ಥ. ಕಟ್ಟೇಲಿರೋ ಕಡಲಹಕ್ಕಿಗೂ ಗೊತ್ತು."

ಗ್ಲೆನ್ ಕ್ಯಾಫರ್ಟಿ ಅವರ ಗ್ಯಾಂಗಿನ ಮೇಸ್ತ್ರಿ. ಆಳುಗಳು ಮೇಲೆ ಇರುವಷ್ಟು ಹೊತ್ತು ಕ್ರೇನು ಅಲ್ಲಾಡದಂತೆ ನೋಡಿಕೊಳ್ಳುವುದು, ರೇಡಿಯೊದಲ್ಲಿ ನಿಲ್ಲಿಸು ಅನ್ನುವುದು, ನಡೆ ಅನ್ನುವುದು ಅವನೊಬ್ಬನ ಹೊಣೆ.

"ಹಾಜರಿ ಪುಸ್ತಕದಲ್ಲಿ ಬೆಳಗ್ಗೆ ಏಳರಿಂದ ಇದ್ದ ಅಂತ ಇದೆಯಲ್ಲ?"

"ಪುಸ್ತಕದಲ್ಲಿ ಇರ್ತಾನೆ. ಮನುಷ್ಯ ಎಪ್ಪತ್ತು ಮೈಲಿ ದೂರ ತನ್ನ ದೋಣಿ ತೊಳೀತಾ ಇರ್ತಾನೆ. ಕ್ರೇನು ನಮ್ಮ ಸಾಲಿನ ಕಡೆ ಬಂತು. ನಾನು ರೇಡಿಯೊದಲ್ಲಿ ಮೂರು ಸಲ ಕೂಗಿದೆ, ನಿಲ್ಲಿಸು, ನಿಲ್ಲಿಸು, ಜಿಗ್ಗಿ ಮೇಲಿದಾನೆ ಅಂತ. ನಮ್ಮ ರೇಡಿಯೊ ಕೇಳೋದು ಮೇಸ್ತ್ರಿಗೆ ಮಾತ್ರ. ಕ್ರೇನಿನೋನಿಗೆ ಹೇಳೋದು ಅವನು. ಆಮೇಲೆ ಹೋಗಿ ನೋಡಿದ್ರೆ ಅವನ ರೇಡಿಯೊ ಕಾಫಿ ಶೆಡ್ಡಿನಲ್ಲಿ ಚಾರ್ಜಿಗೆ ಹಾಕಿದ ಹಾಗೇ ಇತ್ತು. ನಾನು ಕೂಗಿದ್ದು ಆ ಖಾಲಿ ಶೆಡ್ಡಿಗೆ."

"ಕೊಕ್ಕೆ?"

"ಹಾಕಿದ್ದ. ಕಂಟೇನರಿನ ಮೂಲೆ ಬಡಿದು ಕಂಬಿಯೇ ಕಿತ್ಕೊಂಡು ಬಂತು. ಕೊಕ್ಕೆ ಕಂಬೀಲೇ ಇತ್ತು. ಕಂಬಿ ಜೊತೆ ಅವನೂ ಹೋದ." ಅವನು ಅಂಗೈಯಿಂದ ಮುಖ ಉಜ್ಜಿಕೊಂಡ. "ನಾನು ನೋಡಲಿಲ್ಲ ಅಂತ ಬರೆದುಕೊಟ್ಟೆ. ಐದು ತಿಂಗಳಿಂದ ಕೊರಿನ್ ಇರೋ ಬೀದಿಗೆ ಹೋಗಿಲ್ಲ ನಾನು."

ಓಪಲ್ ಮಡಚುವುದನ್ನು ನಿಲ್ಲಿಸಿದಳು. "ಇವನು ನಿಜ ಹೇಳ್ತಾನೆ ಅಂತ್ಲೇ ಇಟ್ಕೊಳ್ಳಿ. ನಾಳೆ ಇವನನ್ನ ಕಾಯೋರು ಯಾರು?"

ಆಗ ನಾನು ಒಂದು ಮಾತು ಕೊಟ್ಟೆ. "ವಿಚಾರಣೆಯ ದಿನದವರೆಗೆ ನಿಮ್ಮ ಹೆಸರು ಯಾರಿಗೂ ಗೊತ್ತಾಗಲ್ಲ. ಆ ಹೊತ್ತಿಗೆ ಕ್ಯಾಫರ್ಟಿಯ ಕಾರ್ಡು ಅಮಾನತ್ತಾಗಿರತ್ತೆ. ಆಮೇಲೆ ಅವನು ಕಟ್ಟೆ ಮೇಲೆ ಕಾಲಿಡಲ್ಲ. ನೀವು ಅವನ ಕೈಕೆಳಗೆ ಮತ್ತೊಂದು ದಿನವೂ ಕೆಲಸ ಮಾಡಬೇಕಾಗಿಲ್ಲ."

ನನ್ನ ಇಪ್ಪತ್ತೊಂದು ವರ್ಷದಲ್ಲಿ ಹಾಗಲ್ಲದೆ ಬೇರೆ ಥರ ನಡೆದದ್ದೇ ಇರಲಿಲ್ಲ. ನ್ಯೂಜೆರ್ಸಿ ನಮ್ಮ ಆಯೋಗದಿಂದ ಎದ್ದು ಹೋಗುತ್ತೇನೆ ಅನ್ನುತ್ತಿರುವುದು, ನ್ಯೂಯಾರ್ಕ್ ಅದನ್ನು ತಡೆಯುತ್ತಿರುವುದು, ಎರಡೂ ವಾಷಿಂಗ್ಟನ್ನಿನ ದೊಡ್ಡ ಕೋರ್ಟಿನವರೆಗೆ ಜಗಳ ಒಯ್ದಿರುವುದು ನನಗೆ ಗೊತ್ತಿತ್ತು. ಅದನ್ನು ಆ ಲಾಂಡ್ರಿಯಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಅವನು ಎದ್ದು ಹೋಗುತ್ತಾನೆ ಅಂತ ಹೆದರಿದೆ.

ಡೆಸ್ಮಂಡ್ ಹೆಂಡತಿಯ ಮುಖ ನೋಡಿದ. ಅವಳು ದುಪ್ಪಟಿಯ ಕಡೆ ನೋಡಿದಳು. "ಬರ್ಕೊಳ್ಳಿ," ಅಂದ.

ಮುಂದಿನ ಹತ್ತು ತಿಂಗಳು ನನ್ನ ಕೆಲಸದ ದಿನಗಳಲ್ಲೇ ಒಳ್ಳೆಯವು ಅನ್ನಬೇಕು. ಹೆದ್ದಾರಿಯ ಟೋಲ್ ದಾಖಲೆಗಳನ್ನು ತರಿಸಿದೆ. ದೋಣಿ ನಿಲ್ಲಿಸುವ ಕಟ್ಟೆಯವರ ಹತ್ತಿರ ಮಾತಾಡಿದೆ. ಹಾಜರಿ ಪುಸ್ತಕದಲ್ಲಿ ಕ್ಯಾಫರ್ಟಿ ಬಂದರಿನಲ್ಲಿದ್ದ ನಲವತ್ತಮೂರು ಗುರುವಾರಗಳಲ್ಲಿ ಅವನ ಕಾರು ದಕ್ಷಿಣಕ್ಕೆ, ಆ ದೋಣಿಕಟ್ಟೆಯ ಕಡೆಗೆ, ಹೋಗಿತ್ತು. ಕೊರಿನ್‌ಗೆ ಇದನ್ನೆಲ್ಲ ಹೇಳುವ ಹಾಗಿರಲಿಲ್ಲ, ನಡೀತಿದೆ ಅಂತಷ್ಟೇ ಹೇಳುತ್ತಿದ್ದೆ. ಅಷ್ಟರಲ್ಲಿ ಅವಳು ನನ್ನನ್ನು ಒಳಗೆ ಕರೆಯುತ್ತಿದ್ದಳು, ಅತ್ತೆ ಕಲಿಸಿದ ಪಿಯರೋಗಿ ಕಡುಬು ಬೇಯಿಸಿ ಮೇಲೆ ಹುರಿದ ಈರುಳ್ಳಿ ಹಾಕಿ ಮುಂದಿಡುತ್ತಿದ್ದಳು. ನಾವು ಏಕವಚನಕ್ಕೆ ಇಳಿದಿದ್ದೆವು.

ಅವಳ ತಮ್ಮ ಟೆರೆನ್ಸ್‌ಗೆ ಮಾತ್ರ ನಾನು ಆಗುತ್ತಿರಲಿಲ್ಲ. ಅವನೂ ಬಂದರಿನವನೇ, ಕಟ್ಟೆಯಿಂದ ಅಂಗಳಕ್ಕೆ ಕಂಟೇನರು ಎಳೆಯುವ ಗಾಡಿ ಓಡಿಸುತ್ತಿದ್ದ. ಒಂದು ಶನಿವಾರ ನಾನಿದ್ದಾಗಲೇ ಬಂದ.

"ಏನಕ್ಕಾ, ನಮ್ಮ ಮನೇಲಿ ಇವರಿಗೆ ತಟ್ಟೆ ಇಡೋ ಹಾಗಾಯ್ತಾ?"

"ನಿನ್ನ ತಟ್ಟೆ ಅಲ್ಲ ಅದು. ತೆಪ್ಪಗೆ ಕೂತ್ಕೊ."

"ಜಿಗ್ಗಿ ಭಾವ ಇದ್ದಿದ್ರೆ ಇವರ ನೆರಳೂ ಬೀಳೋಕೆ ಬಿಡ್ತಿರಲಿಲ್ಲ. ಕ್ಯಾಫರ್ಟಿ ನಮ್ಮ ಯೂನಿಯನ್ ಅಧ್ಯಕ್ಷನ ಅಳಿಯ ಅಂತ ಗೊತ್ತಾ ನಿಂಗೆ? ಈಯಮ್ಮ ಸಂಜೆ ಐದಕ್ಕೆ ಮನೆಗೆ ಹೋಗ್ತಾಳೆ. ನಾನು ಅಲ್ಲೇ ಇರ್ಬೇಕು."

"ಜಿಗ್ಗಿ ಇದ್ದಿದ್ರೆ ಇವಳು ಬರ್ತಾನೇ ಇರಲಿಲ್ಲ ಕಣೋ," ಅಂದಳು ಕೊರಿನ್. ಟೆರೆನ್ಸ್ ಟೋಪಿ ಹಾಕಿಕೊಂಡು ಹೊರಟುಹೋದ.

ಜನವರಿಯಲ್ಲಿ ಕ್ಯಾಫರ್ಟಿಯ ಕಾರ್ಡು ಅಮಾನತ್ತಾಯಿತು. ಮಾರ್ಚ್ ಕೊನೆಯಲ್ಲಿ ವಿಚಾರಣೆ ಶುರುವಾಯಿತು. ನಡೆಸಿದವರು ನಿವೃತ್ತ ಜಡ್ಜ್ ಲಿಂಡಾವರ್, ಕಿವಿಗೆ ಯಂತ್ರ ಹಾಕಿಕೊಂಡಿದ್ದ, ಒಂದೊಂದು ಪದಕ್ಕೂ ತೂಕ ಕೊಡುವ ಮುದುಕಿ. ಕೊರಿನ್ ಮೊದಲ ಸಾಲಿನಲ್ಲಿ ಕೂತಿದ್ದಳು. ಕ್ಯಾಫರ್ಟಿ ಒಳಗೆ ಬಂದಾಗ ಅವಳಿಗೆ ಗುರುತೇ ಸಿಗಲಿಲ್ಲ. ದಪ್ಪ ಕನ್ನಡಕ, ಇಸ್ತ್ರಿ ಮಾಡಿದ ಅಂಗಿ, ಊರಿನ ಹುಡುಗಿಯರಿಗೆ ಚೆಂಡಾಟ ಕಲಿಸುವ ಸಾಧು ಮನುಷ್ಯ. ಬಾಗಿಲಲ್ಲಿದ್ದ ಕಾವಲಿನವನಿಗೂ ನಮಸ್ಕಾರ ಹೇಳಿಯೇ ಕೂತ.

ಡೆಸ್ಮಂಡ್ ಎರಡೂವರೆ ಗಂಟೆ ಸಾಕ್ಷಿ ಹೇಳಿದ. ಏನನ್ನೂ ಬಿಡಲಿಲ್ಲ. ನೋಡಲಿಲ್ಲ ಅಂತ ಮೊದಲು ಬರೆದುಕೊಟ್ಟದ್ದು ಸುಳ್ಳು, ಹೆದರಿ ಬರೆದದ್ದು, ಅಂತ ತಾನೇ ಒಪ್ಪಿಕೊಂಡ. ಕೊಕ್ಕೆಯ ಮಾತು ಬಂದಾಗ ಕೊರಿನ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಊಟದ ಬಿಡುವಿನಲ್ಲಿ ಹಜಾರದಲ್ಲಿ ಅವನು ಅವಳಿಗೆ ಎದುರಾದ. ಅವಳು ಅವನ ಕೋಟಿನ ತೋಳನ್ನು ಹಿಡಿದುಕೊಂಡಳು.

"ಜಿಗ್ಗಿ ಕೊನೇಲಿ ನನ್ನ ಹೆಸರೇನಾದ್ರೂ..." ಅಂತ ಕೇಳಿದಳು.

"ಇಲ್ಲಮ್ಮ. ಟೈಮೇ ಇರಲಿಲ್ಲ," ಅಂದ ಡೆಸ್ಮಂಡ್. "ಬೆಳಗ್ಗೆ ಮಾತ್ರ ನಿನ್ನ ಆಲೂಗೆಡ್ಡೆ ಪಲ್ಯದ ಸ್ಯಾಂಡ್‌ವಿಚ್ಚಲ್ಲಿ ಅರ್ಧ ನನಗೆ ಕೊಟ್ಟಿದ್ದ."

ಎದುರು ಪಕ್ಷದ ವಕೀಲ ಡೆಸ್ಮಂಡ್‌ಗೆ ಪ್ರಶ್ನೆ ಕೇಳುವುದು ಮುಂದಿನ ಸಲಕ್ಕೆ ಉಳಿಯಿತು. ಅದು ನಿಯಮ. ಎದುರಿನವರು ಕೇಳಿ ಮುಗಿಸುವವರೆಗೆ ಸಾಕ್ಷಿ ಸಾಕ್ಷಿಯಾಗುವುದಿಲ್ಲ. ಏಪ್ರಿಲ್ ಇಪ್ಪತ್ತಕ್ಕೆ ತಾರೀಕು ಕೊಟ್ಟರು.

ಅದಕ್ಕೆ ಎರಡು ದಿನ ಮೊದಲು ವಾಷಿಂಗ್ಟನ್ನಿನ ತೀರ್ಪು ಬಂತು. ಕೂಡಿ ಕಟ್ಟಿದ್ದಾದರೂ ಒಂದು ರಾಜ್ಯ ತನ್ನಷ್ಟಕ್ಕೆ ಬಿಟ್ಟು ಹೋಗಬಹುದು ಅಂತ. ಆಫೀಸಿನಲ್ಲಿ ಎಲ್ಲರೂ ಒಂದೇ ಕಂಪ್ಯೂಟರಿನ ಮುಂದೆ ಗುಂಪುಗೂಡಿ ಓದಿದರು. ಬೆರಳಚ್ಚು ತೆಗೆಯುವ ಮುದುಕ ತನ್ನ ಕಾಫಿ ಲೋಟ ತೊಳೆದು, ಒರೆಸಿ, ಚೀಲಕ್ಕೆ ಹಾಕಿಕೊಂಡ. ಎಪ್ಪತ್ತು ವರ್ಷದ ಆಯೋಗಕ್ಕೆ ಜುಲೈ ಹದಿನೇಳು ಕೊನೆಯ ದಿನ ಅಂತಾಯಿತು.

ಕ್ಯಾಫರ್ಟಿಯ ವಕೀಲನಿಗೆ ಇನ್ನು ವಾದಿಸುವ ಅಗತ್ಯವೇ ಉಳಿಯಲಿಲ್ಲ, ದಿನ ದೂಡಿದರೆ ಸಾಕಿತ್ತು. ಏಪ್ರಿಲ್ ಇಪ್ಪತ್ತಕ್ಕೆ ಅವನಿಗೆ ಬೇರೆ ಕೋರ್ಟಿನಲ್ಲಿ ಕೆಲಸವಿತ್ತು. ಮೇ ತಿಂಗಳಲ್ಲಿ ಕಾಗದಪತ್ರ ಓದಲು ಸಮಯ ಬೇಕಿತ್ತು. ಜೂನಿನಲ್ಲಿ ಕ್ಯಾಫರ್ಟಿಗೆ ಬೆನ್ನುನೋವು. ಪ್ರತಿ ಸಲವೂ ಡೆಸ್ಮಂಡ್ ಅದೇ ಕೋಟು ಹಾಕಿಕೊಂಡು, ಒಂದು ದಿನದ ಕೆಲಸ ಬಿಟ್ಟು ಬಂದು, ಬೆಂಚಿನ ಮೇಲೆ ಕೂತು, ಎದ್ದು ಹೋದ.

"ಆಗತ್ತಲ್ವಾ ಗ್ರೇಸಿ?" ಅಂತ ಜೂನಿನಲ್ಲಿ ಕೇಳಿದ. ಆವತ್ತಿಗೆ ಅವನಿಗೂ ಎಲ್ಲ ಗೊತ್ತಿತ್ತು, ಬಂದರಿನಲ್ಲಿ ಅದೇ ಮಾತು.

"ಜುಲೈ ಹದಿಮೂರು ಕೊನೇ ತಾರೀಕು. ಜಡ್ಜು ಬಿಡಲ್ಲ ಈ ಸಲ."

ಜುಲೈ ಹದಿಮೂರರಂದು ವಕೀಲ ಒಬ್ಬನೇ ಬಂದ. ಕ್ಯಾಫರ್ಟಿ ಬೆನ್ನಿನ ಆಪರೇಷನ್ನಿಗೆ ಆಸ್ಪತ್ರೆ ಸೇರಿದ್ದಾನೆ ಅನ್ನುವ ಡಾಕ್ಟರ ಚೀಟಿ ಕೊಟ್ಟ. ಜಡ್ಜ್ ಲಿಂಡಾವರ್ ಅದನ್ನು ಎರಡು ಸಲ ಓದಿದರು. ಆರೋಪಿ ಆಸ್ಪತ್ರೆಯಲ್ಲಿರುವಾಗ ಅವನ ಬೆನ್ನ ಹಿಂದೆ ವಿಚಾರಣೆ ಮುಗಿಸುವ ಹಾಗಿಲ್ಲ.

"ಸೋಮವಾರದ ಆಚೆಗೆ ನನಗೆ ಈ ಕುರ್ಚಿ ಇಲ್ಲ," ಅಂದರು. "ಕುರ್ಚಿ ಇಲ್ಲದವಳು ತೀರ್ಪು ಬರೆದರೆ ಅದು ಕಾಗದ ಅಷ್ಟೆ. ಮಿಸ್ಟರ್ ಪ್ಯೂರಿಫಾಯ್, ನೀವು ಹೇಳಿದ್ದರಲ್ಲಿ ನನಗೆ ಅನುಮಾನವಿರಲಿಲ್ಲ. ಹಾಗಂತ ಹೇಳುವುದಕ್ಕೂ ನನಗೆ ಅಧಿಕಾರವಿಲ್ಲ. ಆದರೂ ಹೇಳಿದೆ. ಇದನ್ನು ಬರೆದುಕೊಳ್ಳಬೇಡಿ," ಅಂತ ನಡಾವಳಿ ಟೈಪು ಮಾಡುತ್ತಿದ್ದವಳಿಗೆ ಸನ್ನೆ ಮಾಡಿದರು.

ಕೊರಿನ್ ಎದ್ದು ನಿಂತಳು. "ಅಮ್ಮಾ, ಅದೊಂದನ್ನ ಬರ್ಕೊಡಿ. ಈಗ ಹೇಳಿದ್ರಲ್ಲ, ಅದನ್ನ. ಕೈಯಲ್ಲಿ ಬರೆದ್ರೂ ಸಾಕು."

ಮುದುಕಿ ಕಿವಿಯ ಯಂತ್ರವನ್ನು ಸರಿಮಾಡಿಕೊಂಡರು. ಕೇಳಿಸಿತ್ತು. ಕೇಳಿಸದವರ ಹಾಗೆ ಕಾಗದ ಜೋಡಿಸಿಕೊಂಡು ಒಳಗೆ ಹೋದರು.

ಸೋಮವಾರ ಆಫೀಸು ಮುಚ್ಚಿದೆವು. ಬಿಲ್ಲೆಗಳನ್ನು ಒಂದು ರಟ್ಟಿನ ಪೆಟ್ಟಿಗೆಗೆ ಹಾಕಿ ಸಹಿ ಮಾಡಿದೆವು. ಯಾರೋ ಕೇಕು ತಂದಿದ್ದರು, ಅರ್ಧಕ್ಕರ್ಧ ಉಳಿಯಿತು. ಹೊರಗೆ ಬಂದರೆ ರಸ್ತೆಯುದ್ದಕ್ಕೂ ಬಂದರಿನ ಗಾಡಿಗಳು ಹಾರನ್ ಒತ್ತುತ್ತಿದ್ದವು, ಮದುವೆ ದಿಬ್ಬಣ ಹೊರಟ ಹಾಗೆ.

"ಇನ್ಯಾರ ಬೆರಳು ಹಿಡ್ಕೋತೀಯಾ ಗ್ರೇಸಿ?" ಅಂತ ಒಬ್ಬ ಕಿಟಕಿಯಿಂದ ಕೂಗಿದ. "ಬಾ, ನಂದೇ ಕೊಡ್ತೀನಿ, ಯಾವ ಬೆರಳು ಅಂತ ಮಾತ್ರ ಕೇಳ್ಬೇಡ!"

ಸುತ್ತಲಿನವರೆಲ್ಲ ನಕ್ಕರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅವರಲ್ಲಿ ಎಷ್ಟೋ ಜನರ ಅಪ್ಪಂದಿರಿಗೆ ನಾವು ನಿಜವಾಗಿಯೂ ಅನ್ಯಾಯ ಮಾಡಿದ್ದೆವು.

ಆಯೋಗವಿಲ್ಲದ ಮೇಲೆ ಅದರ ಅಮಾನತ್ತೂ ಇಲ್ಲ. ಆಗಸ್ಟ್ ಎರಡನೇ ವಾರ ಕ್ಯಾಫರ್ಟಿ ನೆಟ್ಟಗೆ ನಡೆದುಕೊಂಡು ಕಟ್ಟೆಗೆ ಬಂದ. ಗ್ಯಾಂಗಿನವರಿಗೆಲ್ಲ ಎರಡು ಡಬ್ಬಿ ಡೋನಟ್ ತಂದಿದ್ದನಂತೆ. ಡೆಸ್ಮಂಡ್‌ನ ಮುಂದೆಯೂ ಡಬ್ಬಿ ಹಿಡಿದು, "ತಗೋ ಡೆಸ್, ನಿಂಗಿಷ್ಟ ಅಲ್ವಾ ಜೆಲ್ಲಿದು," ಅಂದನಂತೆ. ಬೈಯಲಿಲ್ಲ, ಹೊಡೆಯಲಿಲ್ಲ, ಬೆದರಿಸಲಿಲ್ಲ. ಕೆಲಸ ಹಂಚುವ ಹೊತ್ತು ಬಂದಾಗ ಎಲ್ಲರಿಗೂ ಜೋಡಿ ಇತ್ತು, ಡೆಸ್ಮಂಡ್‌ಗೆ ಇರಲಿಲ್ಲ. ಜೋಡಿಯಿಲ್ಲದವನನ್ನು ಮೇಲೆ ಕಳಿಸುವ ಹಾಗಿಲ್ಲ, ಅದು ಸುರಕ್ಷತೆಯ ನಿಯಮ. "ನಿನ್ನ ಒಳ್ಳೇದಕ್ಕೇ ಕಣಪ್ಪ," ಅಂತ ಅವನನ್ನು ಮನೆಗೆ ಕಳಿಸಿದರು. ಮಾರನೆಯ ದಿನವೂ ಹಾಗೇ. ಅದರ ಮಾರನೆಯ ದಿನವೂ.

ಬಂದರಿನ ನಮ್ಮ ಪಾಲಿನ ಕೆಲಸ ಈಗ ರಾಜ್ಯದ ಪೊಲೀಸರಿಗೆ ಹೋಗಿತ್ತು. ನಾನು ಅಲ್ಲಿಗೆ ಹೋಗಿ ಕೇಳಿದೆ. ಒಬ್ಬ ಅಧಿಕಾರಿ ಒಂದು ಗಂಟೆ ಕೂತು ನನ್ನ ಮಾತನ್ನೆಲ್ಲ ಕೇಳಿಸಿಕೊಂಡ, ಟಿಪ್ಪಣಿ ಮಾಡಿಕೊಂಡ. ಹಳೆಯ ಮೊಕದ್ದಮೆ ಆಯೋಗದ ಜೊತೆಗೇ ಸತ್ತಿದೆ, ಆದರೆ ಹೊಸದಾಗಿ ದೂರು ಕೊಡಬಹುದು, ಸಾಕ್ಷಿ ಮೊದಲಿನಿಂದ ಮತ್ತೆ ಹೇಳಲಿ, ನಾವು ನೋಡುತ್ತೇವೆ ಅಂದ. ಒಳ್ಳೆಯ ಮನುಷ್ಯ. ನಾನು ಅಲ್ಲಿಂದಲೇ ಕೊರಿನ್‌ಗೆ ಫೋನು ಮಾಡಿದೆ. ಇಬ್ಬರೂ ಆ ಶನಿವಾರ ಬೆಳಗ್ಗೆ ಡೆಸ್ಮಂಡ್‌ನ ಮನೆಗೆ ಹೋದೆವು.

ಓಪಲ್ ಬಾಗಿಲು ತೆಗೆದಳು. ಕೊರಿನ್‌ನ ಮುಖ ನೋಡಿ ಒಳಗೆ ಬಿಟ್ಟಳು. ನಾನೊಬ್ಬಳೇ ಆಗಿದ್ದರೆ ಬಿಡುತ್ತಿರಲಿಲ್ಲ. ಡೆಸ್ಮಂಡ್ ಅಡುಗೆಮನೆಯ ಮೇಜಿನ ಮುಂದೆ ಬನಿಯನ್ನಿನಲ್ಲಿ ಕೂತಿದ್ದ. ನಾನು ಹೇಳುವುದನ್ನೆಲ್ಲ ಹೇಳಿದೆ.

"ಎಷ್ಟು ದಿನ ಆಗತ್ತೆ?" ಅಂದ.

"ಗೊತ್ತಿಲ್ಲ. ವರ್ಷ ಆಗಬಹುದು. ಎರಡು ವರ್ಷ ಆದ್ರೂ ಆಗಬಹುದು."

"ಈ ಸಲ ನಿಜ ಹೇಳ್ತಿದೀಯ." ಅವನ ದನಿಯಲ್ಲಿ ಕೊಂಕಿರಲಿಲ್ಲ. "ಲಾಂಡ್ರೀಲಿ ನಿಂಗೆ ಗೊತ್ತಿತ್ತಾ ಗ್ರೇಸಿ? ಆಯೋಗ ಮುಳುಗೋ ಹಾಗಿದೆ ಅಂತ?"

"ಜಗಳ ನಡೀತಿದೆ ಅಂತ ಗೊತ್ತಿತ್ತು."

"ಹೇಳಲಿಲ್ಲ."

"ಹೇಳಲಿಲ್ಲ."

ಓಪಲ್ ಒಲೆಯ ಹತ್ತಿರ ನಿಂತಿದ್ದವಳು ತಿರುಗಿದಳು. "ಯಾರು ಕಾಯ್ತಾರೆ ಅಂತ ನಾನು ಕೇಳಿದ್ದೆ. ಆ ಪ್ರಶ್ನೆ ಕೇಳಿದ್ದು ನಾನೊಬ್ಬಳೇ."

"ನಾನು ಕೇಳ್ಕೊಳ್ಳೋಕೆ ಬಂದಿದೀನಿ," ಅಂತ ಕೊರಿನ್ ಶುರುಮಾಡಿದಳು. "ಇನ್ನೊಂದು ಸಲ..." ಅಷ್ಟಕ್ಕೇ ನಿಲ್ಲಿಸಿದಳು. ಬಾಗಿಲ ಪಕ್ಕದ ಮೊಳೆಯಲ್ಲಿ ಡೆಸ್ಮಂಡ್‌ನ ಹಳದಿ ಶಿರಸ್ತ್ರಾಣ ನೇತಾಡುತ್ತಿತ್ತು. ಯಾರೋ ಅದರ ಮೇಲೆ ಕಪ್ಪು ಬಣ್ಣದಲ್ಲಿ ಬಾಯಿಯೊಂದನ್ನು ಬರೆದಿದ್ದರು, ಹಲ್ಲುಗಳ ಸಮೇತ, ಅಗಲವಾಗಿ ತೆರೆದ ಬಾಯಿ. ಉಜ್ಜಿ ಉಜ್ಜಿ ತೆಗೆಯಲು ನೋಡಿದ ಗುರುತಿತ್ತು, ಹೋಗಿರಲಿಲ್ಲ.

"ಜಿಗ್ಗಿಗೋಸ್ಕರ ಒಂದು ಸಲ ಹೇಳ್ದೆ ಕೊರಿನ್," ಅಂದ ಡೆಸ್ಮಂಡ್. "ಎಲ್ರ ಮುಂದೆ, ಅವನ ಮುಖ ನೋಡ್ಕೊಂಡು ಹೇಳ್ದೆ. ಇನ್ನೊಂದು ಸಲ ಹೇಳೋಕೆ ನನ್ನಲ್ಲಿ ಏನೂ ಉಳಿದಿಲ್ಲ. ಪಿಂಚಣಿಗೆ ಇನ್ನೂ ಆರು ವರ್ಷ ಇತ್ತು. ಅದೂ ಬೇಡ ಅಂತ ಬಿಟ್ವಿ. ಓಪಲ್‌ನ ಅಕ್ಕ ಜಾರ್ಜಿಯಾದಲ್ಲಿದಾಳೆ. ಅಲ್ಲಿ ಶಾಲೆಯ ಬಸ್ಸು ಓಡಿಸೋಕೆ ಜನ ಬೇಕಂತೆ."

"ಯಾವಾಗ?"

"ಈ ತಿಂಗಳ ಕೊನೆಗೆ."

ಕೊರಿನ್ ತಲೆಯಾಡಿಸಿದಳು. ಆಮೇಲೆ ಎದ್ದು ಹೋಗಿ ಓಪಲ್‌ನ ಕೈ ಹಿಡಿದುಕೊಂಡು, "ಮನೆ ಸಾಮಾನು ಕಟ್ಟೋಕೆ ಬರ್ತೀನಿ, ಒಬ್ಬಳೇ ಮಾಡ್ಬೇಡ," ಅಂದಳು. ಹಾಗೇ ಹೋದಳು ಕೂಡ. ಎರಡು ಶನಿವಾರ ಹೋಗಿ ತಟ್ಟೆ ಬಟ್ಟಲುಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟಳಂತೆ. ನನ್ನನ್ನು ಯಾರೂ ಕರೆಯಲಿಲ್ಲ.

ಅಕ್ಟೋಬರಿನಲ್ಲಿ ಜಿಗ್ಗಿ ಸತ್ತು ಎರಡು ವರ್ಷವಾಯಿತು. ಬೇಯೋನಿನ ಪೋಲಿಷ್ ಚರ್ಚಿನಲ್ಲಿ ಅವನ ಹೆಸರಿನಲ್ಲಿ ಪೂಜೆ ಇತ್ತು. ನಾನು ಹಿಂದಿನ ಸಾಲಿನಲ್ಲಿ ಕೂತೆ. ಆ ಹೊತ್ತಿಗೆ ನಾನು ಒಂದು ಗೋದಾಮಿನಲ್ಲಿ ಕಾವಲು ವಿಭಾಗ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದೆ. ಬಂದರಿನವರು ಸುಮಾರು ಜನ ಬಂದಿದ್ದರು. ಪೂಜೆ ಶುರುವಾಗುವ ಹೊತ್ತಿಗೆ ಟೆರೆನ್ಸ್ ಬಂದ, ಅವನ ಪಕ್ಕದಲ್ಲಿ ಕ್ಯಾಫರ್ಟಿ. ಕೈಯಲ್ಲಿ ಬಿಳಿ ಹೂವಿನ ದೊಡ್ಡ ಚಕ್ರ, ಅದರ ಪಟ್ಟಿಯ ಮೇಲೆ ಗ್ಯಾಂಗಿನ ಹೆಸರು.

ಪೂಜೆ ಮುಗಿದ ಮೇಲೆ ಬಂದವರು ಒಬ್ಬೊಬ್ಬರಾಗಿ ಕೊರಿನ್‌ನ ಕೈ ಮುಟ್ಟಿ ಮುಂದೆ ಹೋಗುತ್ತಿದ್ದರು. ಕ್ಯಾಫರ್ಟಿ ಸರದಿಯಲ್ಲಿ ನಿಂತ. ಸರದಿ ಬಂದಾಗ ಕೈ ಚಾಚಿದ. ಕೊರಿನ್ ಅವನ ಕೈಯನ್ನೇ ನೋಡುತ್ತ ನಿಂತಳು. ಬಂದರಿನ ಅಷ್ಟೂ ಜನ ನೋಡುತ್ತಿದ್ದರು.

"ಅಕ್ಕಾ," ಅಂದ ಟೆರೆನ್ಸ್ ಮೆಲ್ಲಗೆ. "ನನಗೆ ಎರಡು ಮಕ್ಕಳಿದಾವೆ ಅಕ್ಕಾ."

ಅವಳು ಕೈ ಕೊಟ್ಟಳು.

"ಜಿಗ್ಗಿಯಂಥ ಆಳು ಮತ್ತೆ ಸಿಗಲಿಲ್ಲ ನಮಗೆ," ಅಂದ ಕ್ಯಾಫರ್ಟಿ. ಅವನ ಕಣ್ಣು ಒದ್ದೆಯಾಗಿತ್ತು. ಅದು ನಟನೆ ಅಂತ ನಾನು ಬಹಳ ಸಲ ನಂಬಲು ನೋಡಿದ್ದೇನೆ. ನಟನೆಯಾಗಿರಲಿಲ್ಲ ಅಂತಲೇ ಈಗಲೂ ಅನ್ನಿಸುತ್ತದೆ.

ಕೆಳಗಿನ ಹಜಾರದಲ್ಲಿ ಊಟಕ್ಕೆ ಇಟ್ಟಿದ್ದರು. ಕೊರಿನ್ ಒಂದು ಮೂಲೆಯ ಕೊಳಾಯಿಯಲ್ಲಿ ಕೈ ತೊಳೆಯುತ್ತಿದ್ದಳು. ನಾನು ಹತ್ತಿರ ಹೋದೆ.

"ನೋಡ್ದೆ ಅಲ್ವಾ?" ಅಂದಳು, ತಿರುಗದೆ.

"ನೋಡ್ದೆ."

"ಬೆಚ್ಚಗಿತ್ತು ಕಣೇ ಕೈ. ಬೇರೆ ಥರ ಏನೋ ಇರತ್ತೆ ಅಂದ್ಕೊಂಡಿದ್ದೆ. ಎಲ್ರ ಕೈ ಥರಾನೇ ಇತ್ತು."

ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಇನ್ಮೇಲೆ ನಮ್ಮನೆಗೆ ಬರ್ಬೇಡ ಗ್ರೇಸಿ."

"ನನ್ನ ಮೇಲೆ ಸಿಟ್ಟಿದ್ರೆ ಅದು ಸರಿನೇ. ನಾನು..."

"ಸಿಟ್ಟಿಲ್ಲ. ಸಿಟ್ಟಿದ್ರೆ ಬಾ ಅಂತಿದ್ದೆ, ಬೈಯೋಕಾದ್ರೂ. ನೀನು ಬಂದ್ರೆ ಇನ್ನೂ ಏನೋ ಆಗತ್ತೆ ಅನ್ಸತ್ತೆ ನಂಗೆ. ಬಾಗಿಲು ತಟ್ಟಿದ ಸದ್ದಾದ್ರೆ ಸಾಕು, ಕಾಗದ ತಂದ್ಳೇನೋ ಅಂತ ಓಡಿ ಬರ್ತೀನಿ. ಹಂಗೆ ಎಷ್ಟು ದಿನ ಓಡ್ಲಿ ನಾನು?"

ಯಾರೋ ಅವಳನ್ನು ಕರೆದರು, ಹ್ಯಾಮ್ ಕೊಯ್ಯುವ ಚಾಕು ಎಲ್ಲಿದೆ ಅಂತ. ಅವಳು ಹೋದಳು. ನಾನು ಕೋಟು ಹಾಕಿಕೊಂಡು ಮೆಟ್ಟಿಲು ಹತ್ತಿ ಹೊರಗೆ ಬಂದೆ. ಮಧ್ಯಾಹ್ನದ ಬಿಸಿಲು ಚೆನ್ನಾಗಿತ್ತು. ರೈಲಿನ ನಿಲ್ದಾಣದವರೆಗೆ ನಡೆದೇ ಹೋದೆ. ಆಮೇಲೆ ಆ ಬೀದಿಗೆ ಹೋಗಿಲ್ಲ.